ಹತ್ತನೆಯ ಮನೆಯ ಬಿಳಿ ಕಲ್ಲು

ಹೊಳೆಯ ಈಚೆ ದಡದಲ್ಲಿ ಆಶ್ರಮ, ಆಚೆ ದಡದಲ್ಲಿ ಕೊಪ್ಪಲು. ನಡುವೆ ಮೊಣಕಾಲುದ್ದ ನೀರು.

ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಮದ್ದು ಬಲ್ಲವರು. ಅವರ ಬಳಿ ಕಲಿಯುತ್ತಿದ್ದವಳು ದೇವೀರಿ, ಕೊಪ್ಪಲಿನ ಹುಡುಗಿಯೇ. ಮಾತು ಕಡಿಮೆ, ಕಣ್ಣು ಚುರುಕು. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ಅವಳ ಗಂಟಲು ಒಣಗಿಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಕೊಪ್ಪಲಿನ ಎಳೆಗೂಸುಗಳಿಗೆ ಭೇದಿ ಹಿಡಿಯಿತು. ಒಂದು ಕೂಸು ಸುಧಾರಿಸುವಷ್ಟರಲ್ಲಿ ಇನ್ನೊಂದು ಮಲಗುತ್ತಿತ್ತು. ದೇವೀರಿ ಉಪ್ಪು ಹಾಕಿದ ಗಂಜಿ ತಿಳಿಯನ್ನು ಹೊತ್ತು ಮನೆಯಿಂದ ಮನೆಗೆ ಓಡಾಡಿದಳು. ಎಂಟನೆಯ ಕೂಸಂತೂ ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿಲ್ಲದೆ ಎರಡು ದಿನ ಅತ್ತ ಇತ್ತ ತೂಗಾಡಿ, ಹೇಗೋ ಇತ್ತ ಕಡೆಗೆ ವಾಲಿತು.

ದೇವೀರಿಯ ಅಕ್ಕ ಚಿಕ್ಕತಾಯಿಗೂ ಐದು ತಿಂಗಳ ಹೆಣ್ಣುಕೂಸಿತ್ತು. ಅದಿನ್ನೂ ಕೈಕಾಲು ಬಡಿದು ನಗುತ್ತಿತ್ತು. ಪ್ರತಿ ಬೆಳಿಗ್ಗೆ ಹೊಳೆ ದಾಟುವಾಗ ದೇವೀರಿಗೆ ಒಂದೇ ಯೋಚನೆ. ಇವತ್ತೂ ನಗುತ್ತಿರುತ್ತದೆಯೇ?

ಆ ಕೆಟ್ಟ ದಿನಗಳಲ್ಲಿ ತಾಯಂದಿರಿಗೆ ಇದ್ದ ಒಂದೇ ಧೈರ್ಯವೆಂದರೆ ಗುರುಗಳ ಒಳಲೆ.

ಎಳೆಗೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಅದು. ಅಂಗೈಯಲ್ಲಿ ಕೂರುವಷ್ಟು ಪುಟ್ಟದು, ಮುಂದಕ್ಕೆ ಚಾಚಿದ ಮೂತಿ. ಬೇಸಿಗೆಯ ಮೊದಲಲ್ಲಿ ಆಶ್ರಮದ ಅಟ್ಟ ಗುಡಿಸುವಾಗ ದೇವೀರಿಗೇ ಸಿಕ್ಕಿದ್ದು. ಗುರುಗಳು ಅದನ್ನು ಕೈಗೆ ತೆಗೆದುಕೊಂಡು ಅದರ ಕಥೆ ಹೇಳಿದ್ದರು. ಯಾರೋ ಈ ದಡದಲ್ಲಿ ಬಿಟ್ಟುಹೋದ ಕೂಸೊಂದನ್ನು ಹಿಂದೆ ಆಶ್ರಮದಲ್ಲಿದ್ದ ದೊಡ್ಡ ಗುರುಗಳು ಎತ್ತಿ ತಂದು, ಇದೇ ಒಳಲೆಯಲ್ಲಿ ಹಾಲು ಕುಡಿಸಿ ಬದುಕಿಸಿದ್ದರಂತೆ. ಆ ಕೂಸೇ ಮರುಳಯ್ಯ.

ಸುದ್ದಿ ಹೊಳೆ ದಾಟಿತು. ನಮ್ಮ ಕೂಸಿಗೂ ಅದರಲ್ಲೇ ಹಾಲು ಕುಡಿಸಬೇಕು ಎಂದು ತಾಯಂದಿರು ಒಬ್ಬರ ಹಿಂದೆ ಒಬ್ಬರು ಬಂದರು. ಮನೆಗೆ ನಾಲ್ಕು ದಿನ, ಕೇಳಿದವರ ಸರದಿಯಂತೆ. ಕಟ್ಟಳೆ ಒಂದೇ. ದೊಡ್ಡ ಗುರುಗಳ ಕೈ ಮುಟ್ಟಿದ್ದು, ಅದಕ್ಕೆ ನೀರು ತಾಗಿಸಬಾರದು. ಬಟ್ಟೆಯಲ್ಲಿ ಒರೆಸಿ ಮುಂದಿನ ಮನೆಗೆ ಕೊಡಬೇಕು. ಪಚ್ಚಕರ್ಪೂರ ಹಾಕಿದ ವಸ್ತ್ರದಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಮನೆಯಿಂದ ಮನೆಗೆ ಒಯ್ಯುವ ಭಾಗ್ಯ ದೇವೀರಿಯದು.

ಒಂಬತ್ತನೆಯ ಕೂಸು ಮಲಗಿದ ದಿನ ಅವಳು ಬಂದು ಗುರುಗಳ ಮುಂದೆ ಕುಳಿತಳು.

"ಗಂಜಿ ಕಾಯಿಸಿ ಕಾಯಿಸಿ ಸಾಕಾಯಿತು, ಗುರುಗಳೇ. ಇದು ಎಲ್ಲಿಂದ ಬರುತ್ತಿದೆ ಹೇಳಿ."

"ನಾನು ಇಲ್ಲಿ ಕೂತಿದ್ದೇನೆ. ಅದು ಅಲ್ಲಿದೆ. ನನ್ನನ್ನು ಕೇಳಿದರೆ?"

ದೇವೀರಿ ಮರುದಿನವೇ ಒಂಬತ್ತು ಮನೆಗಳಿಗೂ ಹೋದಳು. ಏನು ಉಂಡಿರಿ, ಎಲ್ಲಿ ಮಲಗಿಸಿದಿರಿ, ತೊಟ್ಟಿಲು ಎಲ್ಲಿಯದು, ನೀರು ಎಲ್ಲಿಯದು. ಸಂಜೆ ಹೊಳೆಯನ್ನು ಹಾರಿಕೊಂಡೇ ದಾಟಿದಳು, ಸೀರೆಯ ನೆರಿಗೆ ತೊಯ್ದದ್ದೂ ತಿಳಿಯಲಿಲ್ಲ.

ಸಿಕ್ಕಿತು ಎಂದಳು. ಒಂಬತ್ತು ಮನೆಯವರೂ ಹೊಳೆಯ ಹಿರಿಮಡುವಿನ ನೀರನ್ನೇ ಕುಡಿಯುತ್ತಾರೆ. ಒಂದು ಮನೆಯೂ ತಪ್ಪಿಲ್ಲ.

ಗುರುಗಳು ತಲೆದೂಗಿದರು.

"ಆ ಒಂಬತ್ತು ಮನೆಯ ಮೇಲೂ ಆಕಾಶ ಇದೆಯೇ?"

"ಇದೆ."

"ಒಂದೂ ತಪ್ಪಿಲ್ಲ?"

"ಇಲ್ಲ."

"ಹಾಗಾದರೆ ಆಕಾಶದಿಂದಲೇ ಬಂದಿರಬೇಕು."

ದೇವೀರಿಯ ಮುಖ ಚಿಕ್ಕದಾಯಿತು. ಗುರುಗಳು ಅವಳ ಒದ್ದೆ ನೆರಿಗೆಯನ್ನು ನೋಡಿ, ಒಲೆಯ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ನಾಳೆ ಕೂಸು ಚೆನ್ನಾಗಿರುವ ಮನೆಗಳಿಗೆ ಹೋಗು."

"ಅಲ್ಲಿ ಏನೂ ಆಗಿಲ್ಲವಲ್ಲ, ಏನಂತ ಕೇಳಲಿ?"

"ಅದೇ ಕೇಳು. ಏನೂ ಯಾಕೆ ಆಗಿಲ್ಲ ಅಂತ."

ಹೇಳಿದಷ್ಟು ಸುಲಭವಿರಲಿಲ್ಲ. ಕೂಸು ಮಲಗಿರುವ ಮನೆಯಲ್ಲಿ ದೇವೀರಿಗೆ ಚಾಪೆ ಹಾಸುತ್ತಿದ್ದರು. ಚೆನ್ನಾಗಿರುವ ಮನೆಯಲ್ಲಿ ಅವಳನ್ನು ಕಂಡೊಡನೆ ಕೂಸನ್ನು ಸೆರಗಿನೊಳಗೆ ಅಡಗಿಸಿದರು. ಕೊಪ್ಪಲಿನಲ್ಲಿ ಯಾರೂ ಕೂಸುಗಳನ್ನು ಎಣಿಸುವುದಿಲ್ಲ, ಎಣಿಸಿದರೆ ದೃಷ್ಟಿಯಾಗುತ್ತದೆ. ನೆಟ್ಟಗಿರೋ ಹಲ್ಲನ್ನ ಕೀಳೋಕೆ ಬಂದಿದ್ದೀಯೇನೇ ಎಂದು ಒಬ್ಬಳು ಹಂಗಿಸಿದಳು. ಇನ್ನೊಬ್ಬಳು ಬಾಗಿಲನ್ನೇ ಮುಂದೆ ಮಾಡಿದಳು.

ದೇವೀರಿ ಜಗಲಿಯ ಮೇಲೆ ಕುಳಿತು ಬೆವರು ಒರೆಸಿಕೊಂಡಳು. ಎದುರು ಅಂಗಳದಲ್ಲಿ ಇಬ್ಬರು ಪುಟ್ಟ ಹುಡುಗಿಯರು ಕಲ್ಲಾಟ ಆಡುತ್ತಿದ್ದರು. ಕಲ್ಲು ಮೇಲಕ್ಕೆ ಹಾರಿ ಅಂಗೈಗೆ ಬೀಳುತ್ತಿತ್ತು.

ಅವಳು ಥಟ್ಟನೆ ಎದ್ದಳು.

ಅವತ್ತಿನಿಂದ ದೇವೀರಿ ಯಾರ ಕೂಸಿನ ವಿಷಯವನ್ನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಮಡಿಲೊಡ್ಡಿದಳು. ಕೂಸಿಗೆ ಭೇದಿ ಆಗಿದ್ದರೆ ಒಂದು ಕರಿ ಕಲ್ಲು ಹಾಕಿ, ಆಗದಿದ್ದರೆ ಒಂದು ಬಿಳಿ ಕಲ್ಲು ಹಾಕಿ, ಅಷ್ಟೇ ಎಂದಳು. ಎಣಿಸುವ ಮಾತೇ ಇಲ್ಲ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಕ್ಕರು, ಅಂಗಳಕ್ಕಿಳಿದು ಕಲ್ಲು ಹುಡುಕಿದರು. ಕೆಲವರು ಬಿಳಿ ಕಲ್ಲನ್ನು ಕೂಸಿನ ಕೆನ್ನೆಗೆ ಒಮ್ಮೆ ಮುಟ್ಟಿಸಿ ಕೊಟ್ಟರು. ಕಲ್ಲು ಹಾಕಿದ ಮೇಲೆ ಮಾತೂ ತಾನಾಗಿಯೇ ಬಂತು.

ಆ ಓಡಾಟದ ನಡುವೆ ಸರದಿಯ ದಿನ ಬಂದಾಗ, ಒಳಲೆಯನ್ನು ಒಂಬತ್ತನೆಯ ಮನೆಯಿಂದ ಹತ್ತನೆಯವಳಾದ ಕೆಂಚವ್ವನ ಮನೆಗೆ ಮುಟ್ಟಿಸುವುದನ್ನು ಅವಳು ಮರೆಯಲಿಲ್ಲ. ಅದಾದ ಮೇಲಿನ ಸರದಿ ಅಕ್ಕನದು. ಅಕ್ಕನ ಅತ್ತೆ ಹೊಂಬಾಳಮ್ಮ ಆಗಲೇ ದಿನ ಎಣಿಸುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ದೇವೀರಿ ಗುರುಗಳನ್ನು ಹೊಳೆಯ ಮರಳಿಗೆ ಕರೆದೊಯ್ದು ಮಡಿಲು ಬಿಚ್ಚಿದಳು. ಇಪ್ಪತ್ತಮೂರು ಕಲ್ಲು. ಒಂಬತ್ತು ಕರಿ, ಹದಿನಾಲ್ಕು ಬಿಳಿ.

ಬಿಳಿ ಕಲ್ಲಿನ ಮನೆಯವರೂ ಹಿರಿಮಡುವಿನ ನೀರನ್ನೇ ಕುಡಿಯುತ್ತಾರೆ ಎಂದು ಒಪ್ಪಿಕೊಂಡಳು. ನೀರಿನ ಮೇಲೆ ಹಾಕಿದ ತಪ್ಪು ಬಿದ್ದುಹೋಯಿತು. ಆಮೇಲೆ ಸೂಲಗಿತ್ತಿಯ ಮೇಲೆ ಅನುಮಾನ ಬಂದು, ಹೇಗೋ ಧೈರ್ಯ ಮಾಡಿ ಕೇಳಿಯೂ ಬಿಟ್ಟಿದ್ದಳು. ಸೂಲಗಿತ್ತಿ ಎಲೆಯಡಿಕೆ ಉಗಿದು ಹೇಳಿದ್ದಿಷ್ಟು. ಊರ ಕೂಸೆಲ್ಲ ಬಿದ್ದದ್ದು ನನ್ನ ಕೈಗೇ ಕಣೇ, ಕರಿ ಕಲ್ಲೂ ನಂದೇ, ಬಿಳಿ ಕಲ್ಲೂ ನಂದೇ.

ಅದೂ ಬಿದ್ದುಹೋಯಿತು. ವಿಚಿತ್ರವೆಂದರೆ, ಒಂದೊಂದು ಬಿದ್ದಾಗಲೂ ದೇವೀರಿಗೆ ಬೇಸರವಾಗುವ ಬದಲು ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಂಡವರ ಉಸಿರು ಹತ್ತಿರದಲ್ಲೇ ಕೇಳಿಸಿದ ಹಾಗೆ.

ಅವಳು ಮರಳಿನಲ್ಲಿ ಕೊಪ್ಪಲಿನ ಬೀದಿಗಳನ್ನು ಗೀರಿ, ಮನೆಯಿದ್ದಲ್ಲಿ ಕಲ್ಲಿಟ್ಟಳು. ಕರಿ ಕಲ್ಲುಗಳು ಮೇಲಿನ ಬೀದಿಯಲ್ಲೂ ಇದ್ದವು, ಕೆಳಗಿನ ಬೀದಿಯಲ್ಲೂ ಇದ್ದವು, ಹೊಳೆಯ ಅಂಚಿನಲ್ಲೂ ಇದ್ದವು. ಚೆಲ್ಲಿದ ಉದ್ದಿನ ಕಾಳಿನ ಹಾಗೆ.

"ಇದರಲ್ಲಿ ಏನೂ ಕಾಣುತ್ತಿಲ್ಲ, ಗುರುಗಳೇ."

ಗುರುಗಳು ಬಗ್ಗಿ, ತಮ್ಮ ಅಂಗೈಯಿಂದ ಬೀದಿಗಳನ್ನೆಲ್ಲ ಅಳಿಸಿದರು.

"ಮನೆಗಳು ಇದ್ದಲ್ಲೇ ಇರುತ್ತವೆ. ಕಾಯಿಲೆ ಇರಲಿಲ್ಲವಲ್ಲ, ಬಂತು. ಬಂದದ್ದನ್ನು ಬಂದ ಹಾಗೆ ಇಡು."

ದೇವೀರಿಗೆ ಅರ್ಥವಾಯಿತು. ಯಾವ ಕೂಸು ಎಂದು ಮಲಗಿತು ಎಂಬುದು ಅವಳಿಗೆ ಬಾಯಿಪಾಠ. ಗಂಜಿ ಹೊತ್ತವಳೇ ಅವಳು. ಮೊದಲ ಕೂಸು ಮಲಗಿದ ಹಿಂದಿನ ದಿನದಿಂದ ಶುರುಮಾಡಿ, ಒಂದು ದಿನಕ್ಕೆ ಒಂದು ಹೆಜ್ಜೆಯಂತೆ ಮರಳಿನ ಮೇಲೆ ನೇರವಾಗಿ ನಡೆಯುತ್ತ ಹೋದಳು. ಕೂಸು ಮಲಗಿದ ದಿನ ಬಂದಾಗ ಬಗ್ಗಿ ಒಂದು ಕರಿ ಕಲ್ಲು ಇಟ್ಟಳು.

ಎರಡು ಹೆಜ್ಜೆ, ಕಲ್ಲು. ನಾಲ್ಕು ಹೆಜ್ಜೆ, ಕಲ್ಲು. ನಾಲ್ಕು ಹೆಜ್ಜೆ, ಕಲ್ಲು.

ಐದನೆಯ ಕಲ್ಲು ಇಡುವಷ್ಟರಲ್ಲಿ ಅವಳು ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸತೊಡಗಿದ್ದಳು. ಒಂಬತ್ತನೆಯ ಕಲ್ಲಿಟ್ಟು ತಿರುಗಿ ನೋಡಿದಳು. ದಾರದಲ್ಲಿ ಪೋಣಿಸಿದ ಹಾಗೆ, ಅಳೆದು ಇಟ್ಟ ಹಾಗೆ, ಒಂಬತ್ತು ಕರಿ ಕಲ್ಲು.

"ಇದು ಚೆಲ್ಲಿದ್ದಲ್ಲ," ಎಂದಳು, ಉಸಿರು ಸಾಲದೆ. "ಇದು ನಡೆದುಕೊಂಡು ಹೋಗಿದೆ, ಗುರುಗಳೇ. ಲೆಕ್ಕ ಇಟ್ಟುಕೊಂಡು ನಡೆದಿದೆ."

"ನಾಲ್ಕು ದಿನಕ್ಕೊಮ್ಮೆ ಎದ್ದು ಇನ್ನೊಂದು ಮನೆಗೆ ಹೋಗುವಂಥದ್ದು ಕೊಪ್ಪಲಿನಲ್ಲಿ ಏನಿದೆ?"

ದೇವೀರಿ ಯೋಚಿಸುತ್ತ ಕೆಳಗೆ ನೋಡಿದಳು. ಕಲ್ಲಿನಿಂದ ಕಲ್ಲಿಗೆ, ಒದ್ದೆ ಮರಳಿನಲ್ಲಿ ಸ್ಪಷ್ಟವಾಗಿ, ಅವಳದೇ ಹೆಜ್ಜೆಯ ಗುರುತುಗಳಿದ್ದವು.

ಅವಳ ಕೈ ತಾನಾಗಿಯೇ ಎದೆಗೆ ಹೋಯಿತು. ವಸ್ತ್ರದ ಗಂಟನ್ನು ಅವಚಿಕೊಳ್ಳುವ ಜಾಗಕ್ಕೆ.

"ಒಳಲೆ," ಎಂದಳು.

ಗುರುಗಳು ಸಾಲಿನ ಮೊದಲ ಕಲ್ಲಿನ ಬಳಿ ಹೋಗಿ ನಿಂತರು.

ಅವರ ಮುಖವನ್ನು ನೋಡಲಾರದೆ ದೇವೀರಿ ಒಂದೇ ಸಮನೆ ಮಾತಾಡಿದಳು. ತಾನು ತಪ್ಪು ಕಂಡಿರಬಹುದು, ನೀರಿನ ವಿಷಯದಲ್ಲೂ ತಪ್ಪಿತ್ತು, ಸೂಲಗಿತ್ತಿಯ ವಿಷಯದಲ್ಲೂ ತಪ್ಪಿತ್ತು. ಮೇಲಾಗಿ ಒಳಲೆ ಹೋಗದ ಹದಿಮೂರು ಮನೆಯಲ್ಲಿ ಒಂದು ಕೂಸಿಗೂ ಏನೂ ಆಗಿಲ್ಲ ಎಂದು ಹೇಳಹೊರಟವಳು, ಅದು ತನ್ನ ಮಾತನ್ನು ಸುಳ್ಳು ಮಾಡುವ ಬದಲು ಗಟ್ಟಿ ಮಾಡುತ್ತದೆ ಎಂದು ಹೊಳೆದು ಅರ್ಧಕ್ಕೇ ನಿಂತಳು.

"ಬಿಳಿ ಕಲ್ಲು ಹದಿನಾಲ್ಕಲ್ಲವೇ," ಎಂದರು ಗುರುಗಳು.

"ಒಂದು ಕೆಂಚವ್ವನ ಮನೆಯದು. ಹತ್ತನೆಯ ಮನೆ. ಒಳಲೆ ಹೋಗಿ ನಾಲ್ಕು ದಿನವಾಯಿತು. ಬೇರೆಯವರಿಗೆಲ್ಲ ಎರಡನೆಯ ದಿನಕ್ಕೇ ಬಂದಿತ್ತು. ಅವಳ ಮೊಮ್ಮಗ ಗುಂಡುಕಲ್ಲಿನ ಹಾಗಿದ್ದಾನೆ." ದೇವೀರಿಯ ದನಿಯಲ್ಲಿ ಆಸೆ ಚಿಗುರಿತು. "ಹಾಗಾದರೆ ಒಳಲೆಯ ತಪ್ಪಿಲ್ಲ ಅಂತಲೇ, ಗುರುಗಳೇ?"

"ನನಗೂ ಹಾಗೇ ಆಗಲಿ ಅನ್ನಿಸುತ್ತಿದೆ," ಎಂದರು ಗುರುಗಳು. "ಅದಕ್ಕೇ ನನ್ನ ಮಾತು ಕೇಳಬೇಡ. ಕೆಂಚವ್ವನನ್ನು ಕೇಳು."

ಆಮೇಲೆ ಅವರು ಮರಳಿನ ಸಾಲಿನ ಕೊನೆಯನ್ನು ನೋಡಿ, ಇವತ್ತು ಎಷ್ಟನೆಯ ಹೆಜ್ಜೆ ಎಂದು ಕೇಳಿದರು.

ದೇವೀರಿ ಲೆಕ್ಕ ಹಾಕಿದಳು. ನಲವತ್ತೊಂದು. ಹತ್ತು ಮನೆಯ ಸರದಿ ಮುಗಿದಿದೆ. ಇವತ್ತು ಒಳಲೆ ಅಕ್ಕನ ಮನೆಗೆ ಹೋಗುವ ದಿನ.

ಅವಳು ಓಡಿದಳು.

ಹೊಳೆಯಲ್ಲಿ ಎರಡು ಸಲ ಕಾಲು ಜಾರಿತು. ಕೆಂಚವ್ವನ ಮನೆಯ ಅಂಗಳಕ್ಕೆ ಬರುವಾಗ ಸೀರೆಯಿಂದ ನೀರು ಸುರಿಯುತ್ತಿತ್ತು. ಕೆಂಚವ್ವ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಒಳಲೆ ಎಲ್ಲಿ ಎಂದದ್ದಕ್ಕೆ ಮೂತಿ ತಿರುವಿದಳು. ಆ ಹೊಂಬಾಳಮ್ಮನಿಗೆ ನೀನು ಬರೋವರೆಗೂ ತಡೀಬೇಕಲ್ಲ, ಬೆಳಿಗ್ಗೇನೇ ಬಂದು ಕಿತ್ತುಕೊಂಡು ಹೋದಳು ಎಂದಳು.

ದೇವೀರಿ ಹೊರಟವಳು ಮತ್ತೆ ನಿಂತಳು. ಕೇಳದೆ ಹೋಗುವ ಹಾಗಿರಲಿಲ್ಲ.

"ಕೆಂಚವ್ವ, ಒಂಬತ್ತು ಮನೆ ಕೂಸಿಗೆ ಆದದ್ದು ನಿನ್ನ ಮೊಮ್ಮಗನಿಗೆ ಯಾಕೆ ಆಗಲಿಲ್ಲ? ನೀನೇನು ಮಾಡಿದೆ?"

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. ತಾನೇನೂ ಮಾಡಿಲ್ಲ ಎಂದಳು ಕೆಂಚವ್ವ. ಆಮೇಲೆ, ಎಲ್ಲರೂ ಮಾಡಿದ್ದನ್ನೇ ಮಾಡಿದೆ ಎಂದಳು. ದೇವೀರಿ ಕದಲಲಿಲ್ಲ. ಬೈಗುಳ ಬರಬಹುದೆಂದು ಹೆದರಿದರೂ ಕದಲಲಿಲ್ಲ.

ಕೆಂಚವ್ವ ಸುತ್ತ ನೋಡಿ ದನಿ ಇಳಿಸಿದಳು.

"ಸ್ವಾಮ್ಯೋರಿಗೆ ಹೇಳ್ಬ್ಯಾಡ ಕಣವ್ವ. ಕರ್ಪೂರದ ಬಟ್ಟೆ ಬಿಚ್ಚಿ ಮೂಸಿದ್ರೆ ಮೂತಿ ಒಳಗೆ ಹಳೇ ಹಾಲು ಅಂಟಿ ಹುಳಿ ನಾತ. ಒಂಬತ್ತು ಮನೆ ಎಂಜಲು. ಗುರುಗಳು ಮುಟ್ಟಿದ್ದು ಸರಿ, ನೊಣಾನೂ ಮುಟ್ಟಿರ್ತದಲ್ಲ? ನನಗೆ ತಡೀಲಿಲ್ಲ. ಮುದ್ದೆಗೆ ಎಸರು ಕುದೀತಿತ್ತು, ಅದರೊಳಗೆ ಮುಳುಗಿಸಿಬಿಟ್ಟೆ. ದಿನಾ ಮುಳುಗಿಸ್ದೆ. ತಪ್ಪಾಯ್ತು ಅಂತ ದಿನಾ ಕೆನ್ನೆ ಕೆನ್ನೆ ಬಡ್ಕೊಂಡೆ."

ದೇವೀರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಎಣ್ಣೆಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಮರುಕ್ಷಣ ಬೀದಿಯಲ್ಲಿದ್ದಳು. ಹಿಂದಿನಿಂದ ಕೆಂಚವ್ವ, ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು, ಹೇಳ್ಬ್ಯಾಡ ಅಂದೆನಲ್ಲೇ ಎಂದು ಕೂಗುತ್ತ ಏದುಸಿರು ಬಿಡುತ್ತ ಬಂದಳು.

ಅಕ್ಕನ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು. ಬಾಗಿಲಿಗೆ ಮಾವಿನ ಎಲೆ. ಹೊಂಬಾಳಮ್ಮ ಸೆರಗಿನ ತುದಿಯಿಂದ ಒಳಲೆಯನ್ನು ಮತ್ತೊಮ್ಮೆ ಒರೆಸಿ, ಹಸುವಿನ ಹಾಲು ತುಂಬಿ, ಸೊಸೆಯ ಕೈಗೆ ಕೊಟ್ಟಿದ್ದರು. ಬೆಳ್ಳಿಯ ಮೂತಿ ಕೂಸಿನ ತುಟಿಯ ಹತ್ತಿರ ಬಂದಿತ್ತು. ಕೂಸು ಅದನ್ನು ಕಂಡು ನಗುತ್ತಿತ್ತು.

ದೇವೀರಿ ಒಳಗೆ ನುಗ್ಗಿ ಒಳಲೆಯ ಮೇಲೆ ಕೈ ಮುಚ್ಚಿದಳು. ಹಾಲು ಚೆಲ್ಲಿತು.

ಹೊಂಬಾಳಮ್ಮನ ದನಿ ಚಾಟಿಯಂತೆ ಬಂತು.

"ಯಾರೋ ಕೇಳಿದ್ದಕ್ಕೆಲ್ಲ ಹೊತ್ತು ತಿರುಗಿದವಳು ನೀನೇ. ಸ್ವಂತ ಅಕ್ಕನ ಕೂಸಿಗೆ ಬಂದಾಗ ಕಿತ್ತುಕೊಳ್ತೀಯಾ?"

ಎಲ್ಲ ಕಣ್ಣುಗಳೂ ದೇವೀರಿಯ ಮೇಲೆ. ಗುಳಿಬಿದ್ದ ಕಣ್ಣಿನ ಆ ಎಂಟನೆಯ ಕೂಸಿನ ತಾಯಿಯೂ ಗುಂಪಿನಲ್ಲಿದ್ದಳು. ದೇವೀರಿ ಅವಳನ್ನೇ ನೋಡುತ್ತ ಮಾತಾಡಿದಳು.

"ನಿನ್ನ ಕೂಸಿಗೆ ಗಂಜಿ ಕುಡಿಸಿದವಳು ನಾನು. ಕಾಯಿಲೆ ತಂದುಕೊಟ್ಟವಳೂ ನಾನೇ. ಈ ಒಳಲೆಯಲ್ಲಿ ತಂದುಕೊಟ್ಟೆ."

ಆಮೇಲೆ ಕಲ್ಲುಗಳ ವಿಷಯ ಹೇಳಿದಳು. ನಾಲ್ಕು ನಾಲ್ಕು ಹೆಜ್ಜೆಯ ವಿಷಯ, ಒಳಲೆ ಹೋಗದ ಹದಿಮೂರು ಮನೆಯ ವಿಷಯ, ಹೋದರೂ ಏನೂ ಆಗದ ಒಂದು ಮನೆಯ ವಿಷಯ. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಹೆಂಗಸರು ತಮ್ಮ ತಮ್ಮ ದಿನಗಳನ್ನು ನೆನೆದು ಬೆರಳು ಮಡಿಚತೊಡಗಿದರು. ಸಂತೆಯ ಮಾರನೆಯ ದಿನ ಒಳಲೆ ಬಂತು, ಅದರ ಮಾರನೆಯ ದಿನ ಮಗ ಮಲಗಿದ ಎಂದಳು ಒಬ್ಬಳು. ನಮ್ಮ ಎಮ್ಮೆ ಕರು ಹಾಕಿದ ದಿನ ಬಂದದ್ದು, ನಮಗೂ ಹಾಗೇ ಎಂದಳು ಇನ್ನೊಬ್ಬಳು. ಎಂಟನೆಯ ಕೂಸಿನ ತಾಯಿ ಮಾತ್ರ ಎದ್ದು ಬಂದು ದೇವೀರಿಯ ಒದ್ದೆ ಭುಜದ ಮೇಲೆ ತನ್ನ ಸೆರಗು ಹೊದೆಸಿದಳು.

ಆ ಒಂದು ಮನೆ ಯಾವುದು ಎಂದು ಹೊಂಬಾಳಮ್ಮ ಕೇಳಿದರು.

ದೇವೀರಿ ಬಾಯಿ ತೆರೆದು ಮುಚ್ಚಿದಳು. ಬಾಗಿಲ ಹಿಂದೆ ಕೆಂಚವ್ವ ಮೊಮ್ಮಗನ ಬೆನ್ನಿಗೆ ಮುಖ ಮರೆಮಾಡಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ನೆರಳು ಬಿತ್ತು. ಗುರುಗಳು ಕೋಲೂರಿಕೊಂಡು ಹೊಳೆ ದಾಟಿ ಬಂದಿದ್ದರು. ಹೆಂಗಸರು ಎದ್ದು ನಿಂತರು. ಅವರು ದೇವೀರಿಯ ಮುಖವನ್ನೊಮ್ಮೆ ನೋಡಿದರು.

"ಕೇಳಿದೆಯಾ?"

"ಕೇಳಿದೆ, ಗುರುಗಳೇ. ಬಿಸಿನೀರು. ಕುದಿಯುವ ಎಸರು."

ಅದನ್ನು ಮಾಡಿದವರ ಹೆಸರನ್ನು ಅವಳು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ. ಮೊಮ್ಮಗ ಮಾತ್ರ ಬಾಗಿಲ ಹಿಂದಿನಿಂದ ಗುರುಗಳ ಕೋಲಿಗೆ ಕೈ ಚಾಚಿ ಕಿಲಕಿಲ ನಕ್ಕ.

ಗುರುಗಳು ಒಳಲೆಯನ್ನು ಕೈಗೆ ತೆಗೆದುಕೊಂಡರು. ಅಂಗೈಯಲ್ಲಿ ಇಟ್ಟುಕೊಂಡು, ಮೂತಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಒಲೆಯ ಕಡೆ ನಡೆದರು. ಬಂದವರ ಊಟಕ್ಕೆಂದು ದೊಡ್ಡ ಪಾತ್ರೆಯಲ್ಲಿ ಎಸರು ಮರಳುತ್ತಿತ್ತು.

"ಬುದ್ಧಿ," ಎಂದು ಹೊಂಬಾಳಮ್ಮ ಕೈ ಮುಗಿದು ಅಡ್ಡ ನಿಂತರು. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮನ್ನ ಬದುಕಿಸಿದ ಒಳಲೆ. ದೊಡ್ಡ ಗುರುಗಳ ಕೈ ಮುಟ್ಟಿದ್ದು. ಅದು ತೊಳೆದು ಹೋಗಲ್ವಾ?"

ಗುರುಗಳು ಒಳಲೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಕುದಿಯುವ ನೀರಿಗೆ ಮೆಲ್ಲಗೆ ಬಿಟ್ಟರು.

ಬೆಳ್ಳಿ ಗುಳುಗುಳು ಮುಳುಗಿತು. ಅವರು ಬಾಗಿಲ ಕಡೆಗೆ ತಿರುಗಿ, ಒಲೆಯ ಮುಂದೆ ನೆಲದ ಮೇಲೆ ಶಿಷ್ಯರು ಕೂರುವಂತೆ ಕುಳಿತರು.

"ಎಷ್ಟು ಹೊತ್ತು ಕುದಿಸಬೇಕು ಕೆಂಚವ್ವ? ನನಗೂ ಹೇಳಿಕೊಡು."